ಹಳೆಯ ಔಟ್‌ಬೋರ್ಡ್ ಎಂಜಿನ್ ಕೈಕೊಟ್ಟಾಗ: ದೋಷ ಪತ್ತೆ, ದುರಸ್ತಿ ಮತ್ತು ಬದಲಿಸುವ ನಿರ್ಧಾರ

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲೂ ಅವುಗಳ ನಡುವಿನ ಕಡಲತೀರದಲ್ಲೂ ದುಡಿಯುವ ನಾಡದೋಣಿಗಳ ಹಿಂಬದಿಯಲ್ಲಿ ಹೆಚ್ಚಾಗಿ ಕಾಣಸಿಗುವುದು 8ರಿಂದ 25 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್. ಕೆಲವು ಪೂರ್ತಿ ಪೆಟ್ರೋಲಿನವು. ಹಳೆಯವುಗಳಲ್ಲಿ ಹಲವು ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳುವ ಬಗೆಯವು. ಇಂಥದೊಂದು ಎಂಜಿನ್ ವರ್ಷಗಟ್ಟಲೆ ಉಪ್ಪುನೀರಿನಲ್ಲಿ ದುಡಿದು ಒಂದು ದಿನ ಮೊಂಡು ಹಿಡಿದರೆ, ದಡದಲ್ಲಿ ನಿಂತವರಿಂದ ಬರುವ ಮೊದಲ ಸಲಹೆ ‘ಇದರ ಕಥೆ ಮುಗಿಯಿತು, ಹೊಸದು ತಗೊಳ್ಳಿ’ ಎಂಬುದು. ಎರಡನೆಯ ಸಲಹೆ ಪ್ಲಗ್ ಬದಲಿಸಿ, ಆಗದಿದ್ದರೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಬದಲಿಸಿ, ಅದಕ್ಕೂ ಆಗದಿದ್ದರೆ ಕಾರ್ಬ್ಯುರೇಟರ್ ಬದಲಿಸಿ ಎಂಬುದು. ಎರಡೂ ದುಬಾರಿಯ ದಾರಿಗಳೇ. ಇಂಧನ, ಕಿಡಿ, ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಹುಟ್ಟುವ ಒತ್ತಡ) ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಗೊತ್ತಾಗುವವರೆಗೆ ಒಂದು ಬಿಡಿಭಾಗವನ್ನೂ ಕೊಳ್ಳಬಾರದು. ಕಂಪ್ರೆಷನ್ ಅಳೆದು, ಗೇರ್ ಎಣ್ಣೆಯ ಬಣ್ಣ ನೋಡುವವರೆಗೆ ಎಂಜಿನ್ ಬದಲಿಸುವ ಮಾತನ್ನೇ ಎತ್ತಬಾರದು. ಮುಂದಿನ ವಿವರಣೆಯೆಲ್ಲ ಈ ಕ್ರಮವನ್ನೇ ಅನುಸರಿಸುತ್ತದೆ.

ಕೈ ಹಚ್ಚುವ ಮೊದಲು

ಪಾನಾ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಎಂಜಿನ್ ಸರಿಯಾಗಿ ಓಡಿದ ಕೊನೆಯ ದಿನಕ್ಕೂ ಇಂದಿಗೂ ನಡುವೆ ಏನು ಬದಲಾಯಿತು? ಹೊಸ ಡಬ್ಬಿಯಿಂದ ಎಣ್ಣೆ ತುಂಬಿದ್ದು, ದೋಣಿಯನ್ನು ಮರಳಿನ ಮೇಲೆ ಎಳೆದಾಗ ಪ್ರೊಪೆಲ್ಲರ್ ತಾಗಿದ್ದು, ಅಳಿವೆ ದಾಟುವಾಗ ತೆರೆ ಮೇಲೆ ಹೊಡೆದದ್ದು, ಅಥವಾ ಎರಡು ತಿಂಗಳು ಎಂಜಿನನ್ನು ಮಾಡಿನ ಕೆಳಗೆ ನಿಲ್ಲಿಸಿಟ್ಟಿದ್ದು, ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಜಾಗಕ್ಕೆ ಬೆರಳು ತೋರಿಸುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆಗಸ್ಟ್ ಮೊದಲ ವಾರದಲ್ಲಿ ಕಾಣಿಸಿಕೊಳ್ಳುವ ದೋಷಗಳಿಗೆ ನಿಂತ ಇಂಧನವೇ ಬಹಳ ಸಲ ಕಾರಣ. ನಡುಹಂಗಾಮಿನಲ್ಲಿ ಬರುವ ದೋಷಗಳಿಗೆ ಹೆಚ್ಚಾಗಿ ನೀರು, ಮರಳು ಅಥವಾ ಬಲೆಯ ದಾರ ಕಾರಣ.

ಎಚ್ಚರಿಕೆಯ ಮಾತು ಎರಡೇ. ಪ್ರೊಪೆಲ್ಲರ್‌ಗೆ ಕೈ ಹಾಕುವ ಮುನ್ನ ಪ್ಲಗ್‌ಗಳ ತಂತಿ ಕಳಚಿ ಎಂಜಿನ್ನಿನ ಲೋಹದ ಮೈಗೆ ತಾಗಿಸಿಡಬೇಕು. ಗೇರಿನಲ್ಲಿದ್ದ ಎಂಜಿನ್‌ನ ಪ್ರೊಪೆಲ್ಲರ್ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿದ ತಿರುಗುದಂಡ, ಅಂದರೆ ಕ್ರ್ಯಾಂಕ್ ಕೂಡ ತಿರುಗಿ ಎಂಜಿನ್ ಹತ್ತಿಕೊಳ್ಳುವುದುಂಟು. ಇನ್ನೊಂದು, ನೀರಿಲ್ಲದೆ ಎಂಜಿನ್ ಓಡಿಸಬಾರದು. ‘ಒಂದು ಸಲ ಸದ್ದು ಕೇಳೋಣ’ ಎಂದು ಒಣನೆಲದಲ್ಲಿ ಹಗ್ಗ ಎಳೆದರೆ, ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ ಲೋಹದ ಗೋಡೆಗೆ ಒಣಗಿ ಉಜ್ಜಿ ಕೆಲವೇ ಕ್ಷಣಗಳಲ್ಲಿ ಸವೆಯತೊಡಗುತ್ತದೆ. ಪರೀಕ್ಷೆಗೆ 200 ಲೀಟರಿನ ಡ್ರಮ್ಮೊಂದು ಸಾಕು. ಪ್ರೊಪೆಲ್ಲರ್ ಮೇಲಿರುವ ಅಡ್ಡ ತಗಡು ಚೆನ್ನಾಗಿ ಮುಳುಗುವಷ್ಟು ಸಿಹಿನೀರು ಅದರಲ್ಲಿರಬೇಕು.

ಹಗ್ಗ ಎಳೆದರೂ ಚಾಲೂ ಆಗದಿದ್ದರೆ

ನಾಚಿಕೆಯಾಗುವಷ್ಟು ಸಣ್ಣ ಕಾರಣಗಳನ್ನು ಮೊದಲು ನೋಡಬೇಕು. ನಿಲ್ಲಿಸುವ ಗುಂಡಿಯ ಕೆಂಪು ದಾರದ ಕ್ಲಿಪ್ ತನ್ನ ಜಾಗದಲ್ಲಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಟಾಕಿಯ ಮುಚ್ಚಳದ ಗಾಳಿ ತಿರುಪು ಸಡಿಲಿಸಿದೆಯೇ, ರಬ್ಬರ್ ಬಲ್ಬ್ ಹಿಚುಕಿದಾಗ ಗಟ್ಟಿಯಾಗುತ್ತದೆಯೇ? ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು, ಹಿಚುಕುವಾಗ ಬಾಣ ಮೇಲ್ಮುಖವಾಗಿದ್ದರೆ ಒಳಗಿನ ಕವಾಟಗಳು ಸರಿಯಾಗಿ ಕೂರುತ್ತವೆ. ಎಷ್ಟು ಹಿಚುಕಿದರೂ ಬಲ್ಬ್ ಗಟ್ಟಿಯಾಗದಿದ್ದರೆ ಟಾಕಿಗೂ ಬಲ್ಬಿಗೂ ನಡುವೆ ಗಾಳಿ ಸೇರುತ್ತಿದೆ, ಇಲ್ಲವೇ ಬಲ್ಬಿನ ಕವಾಟ ಕೆಟ್ಟಿದೆ ಎಂದರ್ಥ.

ಇಷ್ಟೆಲ್ಲ ಸರಿಯಿದ್ದರೆ ಪ್ಲಗ್ ಬಿಚ್ಚಿ ನೋಡಬೇಕು, ಏಕೆಂದರೆ ಮುಂದೆ ಇಂಧನದ ದಾರಿ ಹಿಡಿಯಬೇಕೋ ಕಿಡಿಯ ದಾರಿ ಹಿಡಿಯಬೇಕೋ ಎಂಬುದನ್ನು ಅದರ ತುದಿಯೇ ಹೇಳುತ್ತದೆ. ಹತ್ತು ಹನ್ನೆರಡು ಸಲ ಎಳೆದ ಮೇಲೂ ತುದಿ ಒಣಗಿದ್ದರೆ ಸಿಲಿಂಡರಿಗೆ ಇಂಧನ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ. ಒದ್ದೆ ತುದಿಯನ್ನು ಮೂಸಿ ನೋಡುವುದನ್ನು ಮರೆಯಬಾರದು: ಪೆಟ್ರೋಲ್ ವಾಸನೆಯ ಬದಲು ಸೀಮೆಎಣ್ಣೆ ವಾಸನೆ ಬಂದರೆ, ಹಿಂದಿನ ಸಲ ಎಂಜಿನನ್ನು ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ದಾರೆ ಎಂದಾಯಿತು. ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಆವಿಯಾಗುವುದಿಲ್ಲ. ಎಷ್ಟು ಎಳೆದರೂ ತೋಳು ನೋಯುತ್ತದೆ ಅಷ್ಟೆ. ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗಿರುವ ತಿರುಪು ಸಡಿಲಿಸಿ ಇರುವುದನ್ನೆಲ್ಲ ಬಸಿದು, ಪ್ಲಗ್ ಒಣಗಿಸಿ, ಬಟ್ಟಲಿಗೆ ಪೆಟ್ರೋಲ್ ಬರಿಸಿ ಎಳೆದರೆ ಎಂಜಿನ್ ಹತ್ತಿಕೊಳ್ಳುತ್ತದೆ. ದಡ ಸೇರುವ ಕೆಲವು ನಿಮಿಷ ಮೊದಲೇ ಇಂಧನ ಬದಲಿಸುವ ಕೀಲಿಯನ್ನು ಪೆಟ್ರೋಲಿಗೆ ತಿರುಗಿಸಿದರೆ ಈ ತೊಂದರೆಯೇ ಬರುವುದಿಲ್ಲ.

ಕಿಡಿ ನೋಡಲು ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿನ ಬಣ್ಣವಿಲ್ಲದ ಮೈಗೆ ಒತ್ತಿ ಹಿಡಿದು ಹಗ್ಗ ಎಳೆಯಬೇಕು. ಸುತ್ತಮುತ್ತ ಚೆಲ್ಲಿದ ಪೆಟ್ರೋಲನ್ನು ಮೊದಲು ಒರೆಸಿಬಿಡಬೇಕು. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಒಳ್ಳೆಯದು. ಹಳದಿಯಾಗಿ ತೆಳ್ಳಗೆ ಬರುವ ಕಿಡಿ ಹೊರಗೆ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಆರಿಹೋಗಬಹುದು. ಕಿಡಿಯೇ ಇಲ್ಲದಿದ್ದರೆ ಕಾಯಿಲ್ ಕೊಳ್ಳಲು ಓಡುವ ಮೊದಲು, ನಿಲ್ಲಿಸುವ ಗುಂಡಿಯಿಂದ ಬರುವ ತಂತಿಯನ್ನು ಜೋಡಣೆಯಲ್ಲಿ ಬಿಡಿಸಿ ಮತ್ತೆ ಎಳೆದು ನೋಡಬೇಕು. ಆ ತಂತಿಯ ಕೆಲಸವೇ ಕಿಡಿಯ ವಿದ್ಯುತ್ತನ್ನು ಎಂಜಿನ್ನಿನ ಲೋಹದ ಮೈಗೆ ಹರಿಸಿ ಎಂಜಿನ್ ನಿಲ್ಲಿಸುವುದು. ಗುಂಡಿಯೊಳಗೆ ಉಪ್ಪು ಕೂತರೆ ಅದು ಯಾವಾಗಲೂ ‘ನಿಲ್ಲಿಸು’ ಎಂಬ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ತಂತಿ ಬಿಡಿಸಿದಾಗ ಕಿಡಿ ಬಂದರೆ ದೋಷ ಗುಂಡಿಯಲ್ಲಿದೆ. ಆಗಲೂ ಬರದಿದ್ದರೆ ಪ್ಲಗ್ ಟೋಪಿಯ ಒಳಗಿನ ಸ್ಪ್ರಿಂಗ್ ಹಸಿರುಗಟ್ಟಿದೆಯೇ, ಎಂಜಿನ್ನಿನ ಮೈಗೆ ಜೋಡಿಸಿದ ಅರ್ತ್ ತಂತಿಯ ಬೋಲ್ಟ್ ತುಕ್ಕು ಹಿಡಿದಿದೆಯೇ ಎಂದು ನೋಡಿ, ಅನಂತರವೇ ಮಲ್ಟಿಮೀಟರಿನಿಂದ ಫ್ಲೈವೀಲ್ ಕೆಳಗಿನ ಕಾಯಿಲ್‌ಗಳ ರೋಧವನ್ನು ಅಳೆದು ತಯಾರಕರ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಎಲ್ಲ ಕಾಯಿಲ್‌ಗಳೂ ಸರಿಯಿದ್ದು ಕಿಡಿ ಇಲ್ಲದಿದ್ದರೆ ಮಾತ್ರ ಕಿಡಿಯ ಹೊತ್ತನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆಯ ಮೇಲೆ ಸಂಶಯಪಡಬೇಕು. ಅದು ಹೆಚ್ಚಿನ ಬೆಲೆಯ ಭಾಗ, ಬಿಚ್ಚಿ ಸರಿಪಡಿಸಲು ಬರುವಂಥದ್ದಲ್ಲ, ಅಂಗಡಿಯವರು ಹಿಂದಕ್ಕೂ ತೆಗೆದುಕೊಳ್ಳುವುದಿಲ್ಲ. ಸಾಧ್ಯವಿದ್ದರೆ ಅದೇ ಮಾದರಿಯ ಇನ್ನೊಂದು ದೋಣಿಯ ಪೆಟ್ಟಿಗೆಯನ್ನು ಕಡ ತಂದು ಜೋಡಿಸಿ ನೋಡಿ ಖಚಿತಪಡಿಸಿಕೊಳ್ಳುವುದು ಲೇಸು.

ಚಾಲೂ ಆಗಿ, ಸ್ವಲ್ಪ ದೂರ ಹೋಗಿ ನಿಂತರೆ

ಜನ ಹೆಚ್ಚು ಹಣ ಕಳೆದುಕೊಳ್ಳುವುದು ಈ ದೋಷದಲ್ಲಿ, ಏಕೆಂದರೆ ದಡದಲ್ಲಿ ಡ್ರಮ್ಮಿನಲ್ಲಿಟ್ಟು ನೋಡಿದರೆ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ನೀರಿನಲ್ಲಿ ಭಾರ ಹೊತ್ತು, ಥ್ರಾಟಲ್ ಪೂರ್ತಿ ತಿರುಗಿಸಿದಾಗ ಮಾತ್ರ ಸೊರಗುತ್ತದೆ.

ಪತ್ತೆಯ ಸುಲಭ ಉಪಾಯವೊಂದಿದೆ. ಎಂಜಿನ್ ಸೊರಗತೊಡಗಿದ ಕೂಡಲೇ ಜೊತೆಗಿರುವವರು ರಬ್ಬರ್ ಬಲ್ಬನ್ನು ಬಿಡದೆ ಹಿಚುಕುತ್ತಿರಬೇಕು. ಹಿಚುಕಿದಾಗ ಎಂಜಿನ್ ಚೇತರಿಸಿಕೊಂಡರೆ ಇಂಧನ ಸಾಲುತ್ತಿಲ್ಲ ಎಂಬುದು ನಿಶ್ಚಯ. ದೋಷ ಟಾಕಿಯಿಂದ ಎಂಜಿನ್ನಿನ ಇಂಧನ ಪಂಪಿನವರೆಗಿನ ದಾರಿಯಲ್ಲೇ ಇದೆ. ಆಗ ಬಲ್ಬಿನ ಆಕಾರವನ್ನೂ ಗಮನಿಸಬೇಕು. ಅದು ಚಪ್ಪಟೆಯಾಗಿ ಒಳಕ್ಕೆ ಸೇದಿಕೊಂಡಿದ್ದರೆ ಅಡಚಣೆ ಬಲ್ಬಿಗಿಂತ ಹಿಂದೆ, ಅಂದರೆ ಗಾಳಿ ತಿರುಪು, ಟಾಕಿಯೊಳಗಿನ ಜಾಲರಿ ಅಥವಾ ಟಾಕಿಯ ಕಡೆಯ ಪೈಪಿನಲ್ಲಿದೆ. ಆಕಾರ ಸರಿಯಿದ್ದೂ ಮೆತ್ತಗಾಗಿದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ: ಕನೆಕ್ಟರಿನ ಒಳಗಿನ ಸಣ್ಣ ರಬ್ಬರ್ ಉಂಗುರ ಸವೆದಿರುವುದು, ಅಥವಾ ಕ್ಲಿಪ್ ಬದಲು ತಂತಿ ಸುತ್ತಿದ ಜೋಡಣೆ ಸಡಿಲವಾಗಿರುವುದು. ಹಿಚುಕಿದರೂ ಏನೂ ವ್ಯತ್ಯಾಸವಾಗದಿದ್ದರೆ ದೋಷ ಮುಂದೆ, ಕಾರ್ಬ್ಯುರೇಟರಿನಲ್ಲಿ, ಕಿಡಿಯಲ್ಲಿ ಅಥವಾ ತಂಪಾಗಿಸುವ ನೀರಿನಲ್ಲಿದೆ.

ಅಘನಾಶಿನಿ ಅಳಿವೆಯ ತದಡಿಯ ದೋಣಿಯೊಂದರಲ್ಲಿ ಎಂಜಿನ್ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಚಾಲೂ ಆಗುತ್ತಿತ್ತು. ಕಾರ್ಬ್ಯುರೇಟರ್ ತೊಳೆದಾಗಿತ್ತು, ಪ್ಲಗ್ ಬದಲಾಗಿತ್ತು, ಟಾಕಿಯನ್ನೂ ತೊಳೆದು ಒಣಗಿಸಿದ್ದರು. ಹೊರಗಿನಿಂದ ಪೈಪು ಗಟ್ಟಿಮುಟ್ಟಾಗಿ, ಬಿರುಕಿಲ್ಲದೆ ಕಾಣುತ್ತಿತ್ತು. ಕೊನೆಗೆ ಅದನ್ನು ಉದ್ದಕ್ಕೆ ಸೀಳಿದಾಗ ಒಳಗಿನ ಪದರ ಗೋಡೆಯಿಂದ ಬಿಟ್ಟುಕೊಂಡು, ಬೆರಳಗಲದ ಸಿಪ್ಪೆಯಾಗಿ ನಡುವೆ ತೂಗುತ್ತಿರುವುದು ಕಂಡಿತು. ಕಡಿಮೆ ವೇಗದಲ್ಲಿ ಇಂಧನ ಅದರ ಪಕ್ಕದಲ್ಲಿ ಹರಿಯುತ್ತಿತ್ತು. ಎಂಜಿನ್ ಜೋರಾಗಿ ಸೇದಿದಾಗ ಸಿಪ್ಪೆ ಮಗುಚಿ ದಾರಿಯನ್ನೇ ಮುಚ್ಚುತ್ತಿತ್ತು, ಎಂಜಿನ್ ನಿಂತು ಸೆಳೆತ ತಗ್ಗಿದಾಗ ಮತ್ತೆ ತೆರೆದುಕೊಳ್ಳುತ್ತಿತ್ತು. ಹಳೆಯ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಬಿಚ್ಚುವುದಕ್ಕೆ ಮೊದಲು ಪೈಪು ಮತ್ತು ಬಲ್ಬನ್ನು ಬದಲಿಸುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ‘ಬಿಡಿಭಾಗ ಕೊಳ್ಳಬಾರದು’ ಎಂಬ ಮೇಲಿನ ನಿಯಮಕ್ಕೆ ನಾನು ಒಪ್ಪುವ ಅಪವಾದ ಇದೊಂದೇ.

ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಈ ಪೈಪುಗಳ ಪಾಡು ಇನ್ನಷ್ಟು ಕಷ್ಟವಾಗಿದೆ. ದೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಇರುವ ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಆರಂಭವಾಯಿತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಅರ್ಧ ಖಾಲಿಯಾದ ಟಾಕಿಯನ್ನು ವಾರಗಟ್ಟಲೆ ಬಿಟ್ಟರೆ, ಹೀರಿದ ನೀರು ಒಂದು ಮಿತಿ ದಾಟಿದೊಡನೆ ಎಥನಾಲ್ ಜೊತೆ ಸೇರಿ ಬೇರೆಯಾಗಿ ತಳಕ್ಕಿಳಿಯುತ್ತದೆ. ಎಂಜಿನ್ ಸೇದುವುದು ಆ ತಳದ ಪದರವನ್ನೇ, ಅದರಲ್ಲಿ ಟೂ ಸ್ಟ್ರೋಕ್ ಎಣ್ಣೆಯ ಅಂಶ ಇರುವುದಿಲ್ಲ. ಅನುಮಾನವಿದ್ದರೆ ಟಾಕಿಯ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಬೇಕು. ನಡುವೆ ಗೆರೆ ಕಂಡರೆ ಆ ಇಂಧನ ಪೂರ್ತಿ ಬಿಸಾಡತಕ್ಕದ್ದು.

ಇಂಧನ ಪಂಪಿನ ಒಳಗಿನ ತೆಳ್ಳನೆಯ ಪರದೆ ಹರಿದರೂ ಇದೇ ಲಕ್ಷಣ ಬರುತ್ತದೆ. ಆಗ ಪಂಪಿಗೆ ಹೋಗುವ ಒತ್ತಡದ ರಂಧ್ರದ ಮೂಲಕ ಹಸಿ ಇಂಧನ ನೇರ ಕ್ರ್ಯಾಂಕ್ ಕೋಣೆ ಸೇರುವುದರಿಂದ ಒಂದು ಪ್ಲಗ್ ಮಾತ್ರ ಕಪ್ಪಾಗಿ, ಒದ್ದೆಯಾಗಿ ಸಿಗುತ್ತದೆ.

ಚೋಕ್ ಎಳೆದಾಗ ಮಾತ್ರ ಓಡುವ ಎಂಜಿನ್ನಿನ ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಇಂಧನವನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು, ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಬಟ್ಟಲು ತೆಗೆದು ಜೆಟ್ಟನ್ನು ಬೆಳಕಿಗೆ ಹಿಡಿದರೆ ಅದರ ರಂಧ್ರ ಗುಂಡಗೆ, ಸ್ವಚ್ಛವಾಗಿ ಕಾಣಬೇಕು. ತಂತಿ ಅಥವಾ ಸೂಜಿ ಚುಚ್ಚಿ ಕೆರೆದರೆ ಹಿತ್ತಾಳೆಯ ರಂಧ್ರ ದೊಡ್ಡದಾಗಿ ಇಂಧನದ ಅಳತೆ ಶಾಶ್ವತವಾಗಿ ತಪ್ಪುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಗಾಳಿಯಿಂದಲೇ ಬಿಡಿಸಬೇಕು. ಕಾರ್ಬ್ಯುರೇಟರಿನ ಬಾಯಿಂದ ಇಂಧನದ ಮಂಜು ಹೊರಕ್ಕೆ ಉಗುಳುತ್ತಿದ್ದರೆ ಇಂಧನ ಹಿಂದಕ್ಕೆ ಬರದಂತೆ ತಡೆಯುವ, ಅದರ ಹಿಂದಿನ ರೀಡ್ ಕವಾಟದ ತೆಳು ತಗಡು ಮುರಿದಿದೆ.

ಎಣ್ಣೆಯ ಬೆರಕೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ರೋಲಿನಲ್ಲಿ ಓಡುವ ಹೆಚ್ಚಿನ ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆ 50:1, ಅಂದರೆ ಲೀಟರಿಗೆ 20 ಮಿಲಿ ಎಣ್ಣೆ. ಸೀಮೆಎಣ್ಣೆಯ ಮಾದರಿಗಳಿಗೆ ಎಣ್ಣೆ ಹೆಚ್ಚು ಬೇಕು. ಪ್ರಮಾಣವನ್ನು ಆಯಾ ಮಾದರಿಯ ಕೈಪಿಡಿಯಲ್ಲೇ ನೋಡಬೇಕು. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂಬ ಗುರುತಿರಬೇಕು. ಅದು ನೀರಿನಿಂದ ತಂಪಾಗುವ ಎಂಜಿನ್‌ಗಳಿಗೆ ಮೀಸಲಾದ ಎಣ್ಣೆ. ಸ್ಕೂಟರಿನ ಎಣ್ಣೆ ಹಾಕಿದರೆ ಆ ದಿನ ಓಡುತ್ತದೆ. ರಿಂಗ್‌ಗಳ ಸುತ್ತ ಮಸಿಗಟ್ಟುವುದು ಆಮೇಲೆ ಗೊತ್ತಾಗುತ್ತದೆ. ಪೆಟ್ರೋಲಿಗೆಂದೇ ಮಾಡಿದ ಎಂಜಿನ್ನಿಗೆ ಅಗ್ಗವೆಂದು ಸೀಮೆಎಣ್ಣೆ ಕುಡಿಸುವುದಂತೂ ಪಿಸ್ಟನ್ನಿಗೆ ಕೈಯಾರೆ ಸುತ್ತಿಗೆ ಹೊಡೆದಂತೆ; ಅದರ ಕಂಪ್ರೆಷನ್ ಸೀಮೆಎಣ್ಣೆಗೆ ಹೆಚ್ಚಾಗಿ ಇಂಧನ ಹೊತ್ತಿಗೆ ಮುಂಚೆ ಸಿಡಿಯುತ್ತದೆ.

ಪಕ್ಕದಿಂದ ನೀರು ಚಿಮ್ಮದಿದ್ದರೆ

ಓಡುವ ಎಂಜಿನ್ನಿನ ಹಿಂಬದಿಯಲ್ಲಿ ಸಣ್ಣ ಧಾರೆಯಾಗಿ ಬೀಳುವ ನೀರು ಪಂಪ್ ಕೆಲಸ ಮಾಡುತ್ತಿದೆ ಎಂಬುದರ ಸಾಕ್ಷಿ. ಅದು ನಿಂತರೆ ಎಂಜಿನನ್ನು ಆ ಕ್ಷಣವೇ ನಿಲ್ಲಿಸಬೇಕು. ಆದರೂ ಕೂಡಲೇ ಇಂಪೆಲ್ಲರ್ ಹೋಯಿತೆಂದು ತೀರ್ಮಾನಿಸುವುದು ಬೇಡ. ಧಾರೆಯ ರಂಧ್ರದಲ್ಲಿ ಉಪ್ಪಿನ ಹರಳು ಕೂತಿರಬಹುದು, ಮಾಡಿನ ಕೆಳಗಿಟ್ಟಿದ್ದಾಗ ಮಣ್ಣಿನ ಗೂಡು ಕಟ್ಟುವ ಕಣಜ ಅದರೊಳಗೆ ಸಂಸಾರ ಹೂಡಿರಲೂಬಹುದು. ದಪ್ಪ ನೈಲಾನ್ ದಾರವನ್ನು ರಂಧ್ರದೊಳಗೆ ತೂರಿಸಿ ಆಡಿಸಿದರೆ ಗೊತ್ತಾಗುತ್ತದೆ. ಕೆಳಗೆ ನೀರೆಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿದೆಯೇ ಎಂದೂ ನೋಡಬೇಕು. ನದೀಮುಖಗಳಲ್ಲಿ ಇದು ಅಪರೂಪವಲ್ಲ.

ಇಂಪೆಲ್ಲರ್ ತೆಗೆಯಲು ಗೇರ್ ಹಾಕುವ ಕಡ್ಡಿಯ ಜೋಡಣೆ ಬಿಡಿಸಿ, ಕೆಳಗಿನ ಗೇರ್ ಭಾಗವನ್ನು ಇಳಿಸಬೇಕು. ಉಪ್ಪುನೀರಿನ ಎಂಜಿನ್ನಿನಲ್ಲಿ ಕಷ್ಟವಿರುವುದು ಆ ಬೋಲ್ಟ್‌ಗಳಲ್ಲಿ: ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಮೈಯಲ್ಲಿ ಕಚ್ಚಿಕೊಂಡು, ಬಲ ಹಾಕಿದರೆ ತಲೆ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ಆಮೇಲೆ ಸಡಿಲಿಸಬೇಕು. ಮತ್ತೆ ಹಾಕುವಾಗ ಪ್ರತಿ ಬೋಲ್ಟಿಗೂ ನೀರಿಗೆ ಕರಗದ ಗ್ರೀಸ್ ಸವರಿದರೆ ಮುಂದಿನ ಸಲ ಈ ಪಾಡಿಲ್ಲ.

ಹೊರಬಂದ ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆಗೆ ಬಾಗಿ, ಕೈಯಲ್ಲಿ ಹಿಡಿದ ಮೇಲೂ ನೆಟ್ಟಗಾಗದೆ ಉಳಿದರೆ, ಹರಿಯದಿದ್ದರೂ ಅದನ್ನು ಬದಲಿಸಬೇಕು. ರೆಕ್ಕೆ ಮುರಿದಿದ್ದರೆ ಮುರಿದ ತುಂಡು ಎಲ್ಲಿ ಹೋಯಿತೆಂದು ಹುಡುಕಲೇಬೇಕು. ಅದು ನೀರಿನ ಕೊಳವೆಯಲ್ಲಿ ಮೇಲೇರಿ ಕೂತು, ಹೊಸ ಇಂಪೆಲ್ಲರ್ ಹಾಕಿದ ಮೇಲೂ ಎಂಜಿನ್ ಕಾಯಿಸುತ್ತಲೇ ಇರುತ್ತದೆ. ಹೊಸದನ್ನು ಸೋಪಿನ ನೀರು ಹಚ್ಚಿ, ಶಾಫ್ಟ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತ ಕೂರಿಸಬೇಕು, ಅರ್ಧಚಂದ್ರದ ಕೀಲು ಜಾರದಂತೆ ನೋಡಿಕೊಳ್ಳಬೇಕು. ಅದು ಕೂರುವ ಸ್ಟೀಲ್ ಬಟ್ಟಲು ಮರಳಿನಿಂದ ಗೀರುಬಿದ್ದಿದ್ದರೆ ಅದನ್ನೂ ಬದಲಿಸದೆ ಪ್ರಯೋಜನವಿಲ್ಲ. ಆಳ ಕಡಿಮೆಯಿರುವ ಅಳಿವೆಯಲ್ಲಿ ಇಳಿತದ ಹೊತ್ತು ಮರಳು ಕೆದಕುತ್ತ ಓಡಾಡುವ ದೋಣಿಗೆ ವರ್ಷಕ್ಕೊಂದು ಇಂಪೆಲ್ಲರ್ ಬೇಕೆಂದೇ ಲೆಕ್ಕ ಹಿಡಿಯುವುದು ಒಳ್ಳೆಯದು.

ಪಂಪ್ ಸರಿಯಿದ್ದೂ ಎಂಜಿನ್ ಕಾದರೆ ಉಳಿಯುವುದು ಥರ್ಮೋಸ್ಟಾಟ್ ಮತ್ತು ಸಿಲಿಂಡರ್ ಸುತ್ತಲಿನ ನೀರಿನ ದಾರಿಗಳು. ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿ ಹಾಕಿ ತೆರೆಯುತ್ತದೆಯೇ ನೋಡಬಹುದು. ನೀರಿನ ದಾರಿಯಲ್ಲಿ ಉಪ್ಪು ಗಟ್ಟಿಯಾಗಿ ಕೂತಿದ್ದರೆ ಸಿಲಿಂಡರಿನ ಮುಚ್ಚಳವಾದ ಹೆಡ್ ಬಿಚ್ಚದೆ ಹೋಗುವುದಿಲ್ಲ, ಆ ಮಾತು ಮುಂದೆ ಬರುತ್ತದೆ.

ಸದ್ದು ಜೋರು, ಓಟ ಇಲ್ಲ

ಎಂಜಿನ್ ಕಿರುಚುತ್ತದೆ, ದೋಣಿ ನಿಂತಲ್ಲೇ ನಿಂತಿದೆ ಎಂದರೆ ಶಕ್ತಿ ಪ್ರೊಪೆಲ್ಲರಿಗೆ ತಲುಪುತ್ತಿಲ್ಲ. ಸಣ್ಣ ಎಂಜಿನ್ನಿನಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಜೋಡಿಸುವ ಶಿಯರ್ ಪಿನ್ ತುಂಡಾಗಿರಬಹುದು; ಅದು ತುಂಡಾಗಲೆಂದೇ ಇರುವ ಪಿನ್, ಅದರ ಜಾಗಕ್ಕೆ ಗಟ್ಟಿ ಮೊಳೆ ಹಾಕಿದರೆ ಮುಂದಿನ ಕಲ್ಲಿಗೆ ಗೇರ್ ಹಲ್ಲುಗಳೇ ಹೋಗುತ್ತವೆ. ಪಿನ್ ಇಲ್ಲದ ಮಾದರಿಗಳಲ್ಲಿ ಪ್ರೊಪೆಲ್ಲರಿನ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಬ್ ಮತ್ತು ಪ್ರೊಪೆಲ್ಲರಿನ ಮೇಲೆ ಒಂದೇ ಸಾಲಿನಲ್ಲಿ ಬಣ್ಣದ ಗೆರೆ ಎಳೆದು, ಒಂದು ಸುತ್ತು ಹೋಗಿಬಂದು ನೋಡಿದರೆ ಗೆರೆ ಬೇರೆಯಾಗಿದೆಯೇ ಎಂಬುದೇ ಉತ್ತರ. ಹೊಸ ಹಬ್ ಸಿಗುವವರೆಗೆ ಅರ್ಧ ಥ್ರಾಟಲಿನಲ್ಲಿ ದಡ ಸೇರಬಹುದು. ಇವೆರಡೂ ಅಲ್ಲದಿದ್ದರೆ, ಎಂಜಿನ್ ಎತ್ತರಕ್ಕೆ ಕೂತು ಪ್ರೊಪೆಲ್ಲರ್ ಗಾಳಿ ನುಂಗುತ್ತಿದೆಯೇ ಎಂದು ನೋಡಬೇಕು; ಪ್ರೊಪೆಲ್ಲರ್ ಮೇಲಿನ ಅಡ್ಡ ತಗಡು ಹೆಚ್ಚುಕಡಿಮೆ ದೋಣಿಯ ತಳದ ಮಟ್ಟದಲ್ಲಿರಬೇಕು.

ಪ್ರೊಪೆಲ್ಲರ್ ಬಿಚ್ಚಿದಾಗಲೆಲ್ಲ ಅದರ ಹಿಂದಿನ ಶಾಫ್ಟನ್ನು ಕಣ್ಣಿಟ್ಟು ನೋಡುವುದು ಮೀನುಗಾರಿಕೆ ದೋಣಿಗೆ ಅಗತ್ಯ. ಕೂದಲಿನಷ್ಟು ತೆಳ್ಳಗಿನ ಬಲೆಯ ನೈಲಾನ್ ಎಳೆ ಶಾಫ್ಟಿಗೆ ಸುತ್ತಿ ಸುತ್ತಿ, ಕಾವಿಗೆ ಕರಗಿ ಬಿಳಿಯ ಗಟ್ಟಿ ಬಳೆಯಾಗಿ ಕೂತಿರುತ್ತದೆ. ಅದನ್ನು ಚೂರಿಯಿಂದ ಕೆತ್ತಿ ತೆಗೆದರೆ ಅದರಡಿಯಲ್ಲಿ ಎಣ್ಣೆ ತಡೆಯುವ ಸೀಲಿನ ತುಟಿ ಸೀಳಿರುವುದು ಕಾಣುತ್ತದೆ. ಆ ಸೀಳಿನಿಂದ ಗೇರ್ ಎಣ್ಣೆ ಹೊರಕ್ಕೆ, ಉಪ್ಪುನೀರು ಒಳಕ್ಕೆ.

ಹಾಗಾಗಿಯೇ ಗೇರ್ ಎಣ್ಣೆಯ ಪರೀಕ್ಷೆ. ಎಂಜಿನನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಟ್ಟು ಬೆಳಿಗ್ಗೆ ಕೆಳಗಿನ ತಿರುಪನ್ನು ಸ್ವಲ್ಪವೇ ಸಡಿಲಿಸಬೇಕು. ಮೊದಲು ನೀರಿನ ಹನಿ ಬಂದರೆ, ಅಥವಾ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದಲ್ಲಿದ್ದರೆ ಸೀಲ್ ಹೋಗಿದೆ. ತಿರುಪಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಪುಡಿ ಸಹಜ ಸವೆತ. ಉಗುರಿಗೆ ತಾಗುವ ಚೂರುಗಳು ಹಲ್ಲು ಒಡೆದಿರುವುದರ ಗುರುತು. ಹೊಸ ಎಣ್ಣೆಯನ್ನು ಯಾವಾಗಲೂ ಕೆಳಗಿನ ರಂಧ್ರದಿಂದಲೇ ತುಂಬುತ್ತ, ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದೆ ಹೊರಬಂದಾಗ ಮೇಲಿನ ತಿರುಪನ್ನು ಮೊದಲು ಮುಚ್ಚಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.

ಅಳಿವೆಯಲ್ಲಿ ಮುಳುಗಿದ ಎಂಜಿನ್

ಹೂಳು ತುಂಬಿದ ಅಳಿವೆಯ ಬಾಯಲ್ಲಿ ತೆರೆ ಮಗುಚಿ ಎಂಜಿನ್ ಪೂರ್ತಿ ನೀರಿಗೆ ಹೋಗುವುದು ನಮ್ಮ ಕರಾವಳಿಯಲ್ಲಿ ಮಳೆಗಾಲದ ಮಾಮೂಲು ಅನಾಹುತ. ಎತ್ತಿದ ಮೇಲೆ ಬಿಸಿಲಿಗೆ ಒಣಗಲು ಇಡುವುದು ಎಲ್ಲಕ್ಕಿಂತ ಕೆಟ್ಟ ಚಿಕಿತ್ಸೆ. ನೀರಿನೊಳಗಿದ್ದಾಗ ತುಕ್ಕು ನಿಧಾನ. ಉಪ್ಪು ಹತ್ತಿದ ಬೇರಿಂಗಿಗೆ ಗಾಳಿ ತಾಗಿದೊಡನೆ ತುಕ್ಕಿನ ವೇಗ ಹಲವು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಮೆಕ್ಯಾನಿಕ್ ಕೂಡಲೇ ಸಿಗದಿದ್ದರೆ ಎಂಜಿನ್ನಿನ ತಲೆಯನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡುವುದು ಮೇಲು.

ಓಡುತ್ತಿರುವಾಗಲೇ ಮುಳುಗಿದ್ದರೆ ಹಗ್ಗವನ್ನು ಮೆಲ್ಲನೆ ಎಳೆದು ನೋಡಬೇಕು. ಅರ್ಧದಲ್ಲೇ ತಡೆದರೆ ಬಲ ಹಾಕಬಾರದು, ನೀರು ನುಂಗಿದ ಸಿಲಿಂಡರಿನಲ್ಲಿ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಸರಾಗವಾಗಿ ತಿರುಗಿದರೆ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು, ಪ್ಲಗ್ ರಂಧ್ರ ಕೆಳಗಾಗುವಂತೆ ಮಲಗಿಸಿ ಹಗ್ಗ ಎಳೆದು ನೀರು ಹೊರಹಾಕಬೇಕು. ಕಾರ್ಬ್ಯುರೇಟರ್ ಬಸಿದು, ಸಿಲಿಂಡರ್‌ಗಳಿಗೂ ಕಾರ್ಬ್ಯುರೇಟರಿನ ಬಾಯಿಗೂ ಟೂ ಸ್ಟ್ರೋಕ್ ಎಣ್ಣೆ ಧಾರಾಳವಾಗಿ ಹಾಕಿ ತಿರುಗಿಸಿ, ವಿದ್ಯುತ್ ಜೋಡಣೆಗಳನ್ನು ಒರೆಸಿ ಒಣಗಿಸಿ, ಹೊಸ ಇಂಧನದಲ್ಲಿ ಅದೇ ದಿನ ಚಾಲೂ ಮಾಡಿ ಅರ್ಧ ಗಂಟೆ ಓಡಿಸಬೇಕು. ಇಷ್ಟನ್ನು ಕೆಲವೇ ಗಂಟೆಗಳೊಳಗೆ ಮಾಡಿದರೆ ಎಂಜಿನ್ ಉಳಿಯುವ ಸಂಭವ ಹೆಚ್ಚು. ನಾಲ್ಕು ದಿನ ತಡವಾದರೆ ಕ್ರ್ಯಾಂಕ್ ಬಿಚ್ಚದೆ ಗತಿಯಿಲ್ಲ.

ದುರಸ್ತಿಯೋ, ಹೊಸದೋ

ಕಂಪ್ರೆಷನ್ ಗೇಜ್ ದುಬಾರಿಯ ಸಾಧನವಲ್ಲ. ನಾಲ್ಕು ದೋಣಿಯವರು ಕೂಡಿ ಒಂದನ್ನು ಕೊಂಡರೂ ಸಾಕು. ಎಲ್ಲ ಪ್ಲಗ್ ತೆಗೆದು, ಅವುಗಳ ತಂತಿಗಳನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಪೆಟ್ರೋಲಿನ ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 90 ಪೌಂಡಿಗಿಂತ ಹೆಚ್ಚು ಬರುತ್ತದೆ, ಸೀಮೆಎಣ್ಣೆಯ ಮಾದರಿಯಲ್ಲಿ ಸಹಜವಾಗಿಯೇ ಕಡಿಮೆ. ಅಂಕಿಗಿಂತಲೂ ಎರಡು ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಅದು ಶೇಕಡ 15ನ್ನು ದಾಟಿದರೆ ಕಡಿಮೆಯಿರುವ ಸಿಲಿಂಡರಿನಲ್ಲಿ ದೋಷವಿದೆ. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಒಂದು ಪ್ಲಗ್ ಮಾತ್ರ ಉಗಿಯಲ್ಲಿ ತೊಳೆದಂತೆ ಹೊಳೆಯುತ್ತಿದ್ದರೆ ಗ್ಯಾಸ್ಕೆಟ್ ಮೂಲಕ ನೀರು ಬರುತ್ತಿರುವುದು ಖಚಿತ. ಪ್ಲಗ್ಗಿನ ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕೆಗಳಿದ್ದರೆ ಅವು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ.

ಕಂಪ್ರೆಷನ್ ಚೆನ್ನಾಗಿದ್ದು ಗೇರ್ ಎಣ್ಣೆ ಸ್ವಚ್ಛವಾಗಿದ್ದರೆ ಎಂಜಿನ್ ಎಷ್ಟೇ ಹಳೆಯದಾಗಿರಲಿ, ನೋಡಲು ಎಷ್ಟೇ ವಿಕಾರವಾಗಿರಲಿ, ದುರಸ್ತಿಗೆ ಯೋಗ್ಯ. ಸವೆದ ಸಿಲಿಂಡರನ್ನು ಲೇತ್ ಅಂಗಡಿಯಲ್ಲಿ ಕೊರೆಸಿ, 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿಸುವುದೂ ಒಪ್ಪತಕ್ಕ ಖರ್ಚೇ. ಗೇರ್ ಭಾಗ ಪೂರ್ತಿ ಹೋಗಿದ್ದರೆ ಅದೇ ಮಾದರಿಯ ಗುಜರಿ ಎಂಜಿನ್ನಿನಿಂದ ಇಡೀ ಭಾಗವನ್ನೇ ತಂದು ಕೂರಿಸುವುದು ಹಲ್ಲು ಹಲ್ಲು ಬದಲಿಸುವುದಕ್ಕಿಂತ ಅಗ್ಗ. ಆದರೆ ಹೆಡ್ ಬಿಚ್ಚಿದಾಗ ನೀರಿನ ದಾರಿಗಳ ಅಲ್ಯೂಮಿನಿಯಂ ಗೋಡೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಬಿಳಿ ಪುಡಿಯಾಗಿ ಉದುರುತ್ತಿದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಬೇಕು. ಹೊಸ ಗ್ಯಾಸ್ಕೆಟ್ ಕೂರಲು ಅಲ್ಲಿ ಜಾಗವೇ ಉಳಿದಿರುವುದಿಲ್ಲ. ಎರಡೂ ಸಿಲಿಂಡರ್ ಸವೆದು ಕ್ರ್ಯಾಂಕ್ ಬೇರಿಂಗ್ ಕೂಡ ಸದ್ದು ಮಾಡುತ್ತಿದ್ದರೂ, ಆ ಮಾದರಿಯ ಬಿಡಿಭಾಗಗಳು ಕಾರವಾರದಲ್ಲಾಗಲಿ ಮಂಗಳೂರಿನಲ್ಲಾಗಲಿ ಸಿಗದಂತಾಗಿದ್ದರೂ ಹೊಸದೇ ಸರಿ.

ಹೊಸದನ್ನು ಆರಿಸುವಾಗ ಅಶ್ವಶಕ್ತಿಗಿಂತ ಮೊದಲು ಶಾಫ್ಟಿನ ಉದ್ದ ಅಳೆಯಬೇಕು: ಸಾಮಾನ್ಯವಾಗಿ ಸಿಗುವುದು 15 ಇಂಚಿನ ಗಿಡ್ಡ ಮತ್ತು 20 ಇಂಚಿನ ಉದ್ದನೆಯ ಮಾದರಿ, ದೋಣಿಯ ಹಿಂಬದಿಯ ಹಲಗೆಯ ಎತ್ತರಕ್ಕೆ ಹೊಂದುವಂಥದ್ದೇ ಬೇಕು. ಫೋರ್ ಸ್ಟ್ರೋಕ್ ಇಂಧನ ಉಳಿಸುತ್ತದೆ, ಎಣ್ಣೆ ಬೆರೆಸುವ ತಾಪತ್ರಯವಿಲ್ಲ. ಆದರೆ ಅದೇ ಶಕ್ತಿಯ ಟೂ ಸ್ಟ್ರೋಕಿಗಿಂತ ಭಾರ ಹೆಚ್ಚು, ದಿನವೂ ಎಂಜಿನ್ ಕಳಚಿ ಹೆಗಲ ಮೇಲೆ ಮನೆಗೆ ಒಯ್ಯುವವರು ಅದನ್ನು ಒಮ್ಮೆ ಎತ್ತಿ ನೋಡಿಯೇ ಕೊಳ್ಳಬೇಕು, ಹಾಗೂ ಕೈಪಿಡಿ ಹೇಳಿದ ಮಗ್ಗುಲಲ್ಲೇ ಮಲಗಿಸಬೇಕು. ಮಳೆಗಾಲದ ನಿಷೇಧದಲ್ಲಿ ಕರ್ನಾಟಕದಲ್ಲಿ ವಿನಾಯಿತಿ ಇರುವುದು 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ಸಾಂಪ್ರದಾಯಿಕ ದೋಣಿಗಳಿಗೆ. ಆ ಎರಡು ತಿಂಗಳ ದುಡಿಮೆಯನ್ನೇ ನಂಬಿದವರು 15ರ ಆಸೆಗೆ ಬೀಳದೆ 9.9ಕ್ಕೆ ನಿಲ್ಲುವುದು ಜಾಣತನ. ಸಹಾಯಧನದ ಷರತ್ತುಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅಂಗಡಿಗೆ ಮುಂಗಡ ಕೊಡುವ ಮೊದಲೇ ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು. ಬಿಲ್ಲು ಮೊದಲು, ಅರ್ಜಿ ಆಮೇಲೆ ಎಂದು ಹೋದರೆ ಅರ್ಜಿ ಅಲ್ಲೇ ಬಿದ್ದಿರುವ ಸಂಭವ ಹೆಚ್ಚು.

ಹಳೆಯ ಎಂಜಿನ್ ಕೊಳ್ಳುವುದಾದರೆ ಮಾರುವವರು ಅದನ್ನು ಮೊದಲೇ ಬಿಸಿ ಮಾಡಿಟ್ಟಿರಬಾರದು. ತಣ್ಣಗಿದ್ದಾಗ ಎಳೆದು ಚಾಲೂ ಮಾಡಿಸಿ, ಕಂಪ್ರೆಷನ್ ಅಳೆದು, ಗೇರ್ ತಿರುಪು ಸಡಿಲಿಸಿ ನೋಡಿ, ಸತುವಿನ ತುಂಡು ಸವೆದಿದೆಯೇ ಎಂದು ಗಮನಿಸಬೇಕು. ಆ ತುಂಡು ಉಪ್ಪುನೀರಿನ ಸವೆತವನ್ನು ತನ್ನ ಮೇಲೆ ಹಾಕಿಕೊಂಡು ಎಂಜಿನ್ ಉಳಿಸುವಂಥದ್ದು. ಅಂದಕ್ಕೆಂದು ಅದಕ್ಕೂ ಬಣ್ಣ ಬಳಿದಿದ್ದರೆ ಆ ಎಂಜಿನ್ನಿನ ಒಳಮೈ ಹೇಗಿರಬಹುದೆಂದು ಊಹಿಸಬಹುದು. ಹೊಸ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿಗೆ ಮೊದಲ ಹತ್ತು ಗಂಟೆ ಸಾಮಾನ್ಯವಾಗಿ 25:1 ಬೆರಕೆ ಹಾಕಿ, ಪೂರ್ತಿ ಥ್ರಾಟಲಿನಲ್ಲಿ ಎಡೆಬಿಡದೆ ಓಡಿಸದೆ ಪಳಗಿಸಬೇಕು. ಆ ಅವಧಿ ಮುಗಿದ ಕೂಡಲೇ ಗೇರ್ ಎಣ್ಣೆಯನ್ನು ಒಮ್ಮೆ ಬದಲಿಸಬೇಕು. ಹಳೆಯ ಟಾಕಿ ಮತ್ತು ಪೈಪನ್ನು ಹೊಸ ಎಂಜಿನ್ನಿಗೆ ಜೋಡಿಸುವ ಉಳಿತಾಯಕ್ಕೆ ಮಾತ್ರ ಕೈ ಹಾಕಬಾರದು.